ಕಾರಿನ ಸ್ವಿಚ್ಚು, ಬೀರಪ್ಪನ ಹೆಸರು

ಟಯರ್ ಒಡೆಯಬಹುದಿತ್ತು. ಬ್ರೇಕ್ ಹತ್ತದೇ ಹೋಗಬಹುದಿತ್ತು. ಮುಂದೆ ಹೊರಟ ಕಬ್ಬಿನ ಟ್ರ್ಯಾಕ್ಟರಿನ ಎರಡನೇ ಟ್ರೇಲರ್ ಕೊಂಡಿ ಕಳಚಿಕೊಂಡು ನಮ್ಮ ಮೇಲೆಯೇ ಉರುಳಿ ಬರಬಹುದಿತ್ತು. ಲೋಳಸೂರ ಸೇತುವೆಯ ಮೇಲೆ ಎಂಜಿನ್ ಬಂದ್ ಬಿದ್ದು, ಹಿಂದಿನ ಬಸ್ಸಿನ ಡ್ರೈವರ್ ಇಳಿದು ಬಂದು ನನ್ನ ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ನೆನೆಯಬಹುದಿತ್ತು. ಬಾನೆಟ್ಟಿನೊಳಗೆ ಹೊಕ್ಕ ಇಲಿ ಪೆಟ್ರೋಲ್ ಪೈಪು ಕಡಿದಿರಬಹುದಿತ್ತು, ಪೈಪಿನಿಂದ ಬೆಂಕಿ ಹತ್ತಬಹುದಿತ್ತು, ಬೆಂಕಿ ಹತ್ತಿದಾಗ ಸೀಟ್ ಬೆಲ್ಟ್ ಬಿಚ್ಚದೇ ಇರಬಹುದಿತ್ತು. ಎಮ್ಮೆ ಅಡ್ಡ ಬರಬಹುದಿತ್ತು. ಎಮ್ಮೆಗೆ ಏನೂ ಆಗದಿದ್ದರೂ ಅದರ ಮಾಲೀಕ ಬರಬಹುದಿತ್ತು. ಲೈಸೆನ್ಸ್ ಮನೆಯಲ್ಲೇ ಉಳಿದಿರಬಹುದಿತ್ತು (ನಾಲ್ಕು ಸಲ ಜೇಬು ಮುಟ್ಟಿ ನೋಡಿಕೊಂಡಿದ್ದೆ. ನಾಲ್ಕನೆಯ ಸಲ ಮುಟ್ಟುವಾಗಲೇ ಬಿದ್ದು ಹೋಗಿದ್ದರೆ?).

ಗೋಕಾಕದಿಂದ ಮೂಡಲಗಿಗೆ ಹೊರಡುವ ಮುಂಚೆ, ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ, ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಇದರಲ್ಲಿ ಒಂದೂ ಆಗಲಿಲ್ಲ.

ಆದದ್ದು ಇಷ್ಟೇ. ಡ್ರೈವರ್ ಬಾಗಿಲಿನಲ್ಲಿರುವ, ಗಾಜು ಏರಿಸಿ ಇಳಿಸುವ ಸ್ವಿಚ್ಚು ಕೆಟ್ಟಿತು. ನನ್ನ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು.

ನನ್ನ ಈ ರೋಗ ನಿಮಗೇನು ಹೊಸದಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅನುಮಾನ ಬಂದು, ಕೈಯಲ್ಲಿ ಅಕ್ಷತೆ ಹಿಡಿದುಕೊಂಡೇ ಮದುವೆ ಮಂಟಪದಿಂದ ಮನೆಗೆ ಓಡಿ ಬಂದವನು ನಾನು. ಅದನ್ನೂ ಈ ಅಂಕಣದಲ್ಲೇ ಬರೆದಿದ್ದೆ, ನೀವು ನಕ್ಕಿದ್ದಿರಿ. ಈ ವಾರ ಒಂದು ಸ್ವಿಚ್ಚಿನ ಬಗ್ಗೆ ಬರೆಯುತ್ತಿದ್ದೇನೆ. ನಗು ಬಂದರೆ ನಗಿ. ನಗಿಸುವ ಉಮೇದು ಮಾತ್ರ ನನಗಿಲ್ಲ.

ಅಂದು ಮೂಡಲಗಿಯಲ್ಲಿ ನಮ್ಮಾಕೆಯ ಅಕ್ಕನ ಮಗಳ ಕುಬಸ. ಏಳನೇ ತಿಂಗಳಿನ ಬಸುರಿಗೆ ತವರಿನವರೆಲ್ಲ ಸೇರಿ ಹಸಿರು ಸೀರೆ ಉಡಿಸುವ ದಿನ. ಹಿಂದಿನ ಸೀಟಿನ ತುಂಬ ಹೋಳಿಗೆಯ ಬುಟ್ಟಿ, ಬಳೆ, ಹೂವು. ಎರಡು ದಿನ ಮುಂಚೆ ಅಮಾವಾಸ್ಯೆ ಆಗಿತ್ತು. ನಮ್ಮ ಕಡೆ ಗಾಡಿ ಇಟ್ಟವರಿಗೆ ಅಮಾವಾಸ್ಯೆ ಎಂದರೆ ಏನೆಂದು ಬಿಡಿಸಿ ಹೇಳಬೇಕೇ? ಬೆಳಗಾದರೆ ವಾಷಿಂಗ್ ಸೆಂಟರಿನ ಮುಂದೆ ಪಾಳಿ. ಟ್ರ್ಯಾಕ್ಟರ್, ಟಂಟಂ, ಬೈಕು, ಕಾರು ಎಲ್ಲ ಒಂದೇ ಸಾಲಿನಲ್ಲಿ. ತೊಳೆಸಿ ಮನೆಗೆ ತಂದು ಹೂವಿನ ಹಾರ, ನಿಂಬೆಹಣ್ಣು, ಊದಿನಕಡ್ಡಿ, ಒಂದು ತೆಂಗಿನಕಾಯಿ. ನಾನೂ ತೊಳೆಸಿದ್ದೆ, ನಾನೂ ಪೂಜೆ ಮಾಡಿದ್ದೆ. (ನಮ್ಮದು ಬಸವಣ್ಣನವರನ್ನು ನಂಬಿದ ಮನೆತನ. ಕೊರಳಲ್ಲಿ ಲಿಂಗ ಇದ್ದವನಿಗೆ ಗಾಲಿಯ ಕೆಳಗೆ ನಿಂಬೆಹಣ್ಣು ಯಾಕೆ ಎಂದು ಕೇಳಬೇಡಿ. ಲಿಂಗ ನನ್ನನ್ನು ಕಾಯುತ್ತದೆ. ಟಯರನ್ನು ಯಾರು ಕಾಯಬೇಕು?)

ಸೇತುವೆ ದಾಟಿ ಅರ್ಧ ದಾರಿ ಹೋಗಿದ್ದೆವು. ಮುಂದೆ ಕಬ್ಬಿನ ಟ್ರ್ಯಾಕ್ಟರ್, ಅದರ ಹಿಂದೆ ಧೂಳು. ನನ್ನ ಬಾಗಿಲಿನ ಗಾಜು ಏರಿಸಲು ಸ್ವಿಚ್ಚು ಎತ್ತಿದೆ. ಹಿಂದಿನ ಗಾಜು ಇಳಿಯಿತು. ಗಾಬರಿಯಾಗಿ ಇನ್ನೊಂದು ಒತ್ತಿದೆ. ನಮ್ಮಾಕೆಯ ಕಡೆಯ ಗಾಜು ಇಳಿಯಿತು. ಮೂರನೆಯದನ್ನು ಒತ್ತಿದೆ. ಯಾವ ಗಾಜೂ ಅಲ್ಲಾಡಲಿಲ್ಲ, ಆದರೆ ನಾಲ್ಕೂ ಬಾಗಿಲ ಲಾಕುಗಳು ಟಕ್ ಟಕ್ ಎಂದು ಬಿಚ್ಚಿ ಹಾಕಿಕೊಳ್ಳತೊಡಗಿದವು. ರೇಷ್ಮೆ ಸೀರೆಯ ಮೇಲೆ, ಹೋಳಿಗೆಯ ಮೇಲೆ, ಕನ್ನಡಕದ ಮೇಲೆ ಧೂಳು ಕುಳಿತಿತು. ನಮ್ಮಾಕೆ ಸೆರಗಿನಿಂದ ಬುಟ್ಟಿ ಮುಚ್ಚಿ ಹೇಳಿದಳು:

"ಕಾರಿಗೆ ನಿಮ್ಮ ಗುಣಾನ ಬಂದೈತಿ ನೋಡ್ರಿ. ಹೇಳಿದ್ದೊಂದು, ಮಾಡೂದೊಂದು. ನಡುವ ಸುಮ್ಮಸುಮ್ಮನ ಅಂಜೂದು."

ಮೂಡಲಗಿ ಮುಟ್ಟುವಷ್ಟರಲ್ಲಿ ಉಳಿದ ಗಾಜುಗಳು ಹೇಗೋ ಏರಿದ್ದವು, ನನ್ನ ಕಡೆಯದು ಮಾತ್ರ ಅರ್ಧ ಇಳಿದು ನಿಂತಿತ್ತು. ಕಾರು ಲಾಕ್ ಆಗುವ ಹಾಗಿಲ್ಲ. ಒಳಗೆ ಕದಿಯುವಂಥದ್ದು ಏನಿತ್ತು? ಒಂದು ಛತ್ರಿ, ಹಳೆಯ ಪಾಠದ ನೋಟ್ಸು. ಆದರೂ ಬಿಟ್ಟು ಹೋಗಲು ಮನಸ್ಸು ಒಪ್ಪಲಿಲ್ಲ. ಒಳಗೆ ಹೆಂಗಸರು ಆರತಿ ಹಾಡು ಹೇಳುತ್ತಿದ್ದರೆ ನಾನು ಹೊರಗೆ ಕಾರಿಗೆ ಆತುಕೊಂಡು ನಿಂತಿದ್ದೆ. ಗಂಡಸರು ಒಬ್ಬೊಬ್ಬರಾಗಿ ಬಂದರು. ಬಂದವರೆಲ್ಲ ಕಿಟಕಿಯಲ್ಲಿ ಕೈ ಹಾಕಿ ಸ್ವಿಚ್ಚು ಒತ್ತಿ ನೋಡಿದರು. ಸುಡುವ ಹಣೆಯನ್ನು ಮುಟ್ಟಿ ನೋಡದೆ ಯಾರಿಗೂ ಸಮಾಧಾನವಿಲ್ಲವಲ್ಲ, ಹಾಗೆ.

ಬೀಗರ ಪೈಕಿ ಒಬ್ಬರು ಕಾಕಾ ಇದ್ದರು. ಮನೆಯಲ್ಲಿ ಮೂರು ಟ್ರ್ಯಾಕ್ಟರ್ ಇಟ್ಟವರು. ಅವರೂ ಒತ್ತಿ ನೋಡಿ, ಮೊನ್ನೆ ಅಮಾವಾಸ್ಯೆಗೆ ತೊಳೆಸಿದ್ದಿರೇನು ಎಂದು ಕೇಳಿದರು. ಹೌದು ಎಂದೆ.

"ಮುಗೀತ ಬಿಡ್ರಿ ಹಂಗಾದ್ರ. ತೊಳ್ಯಾವ ಪೈಪ್ ಒಳಗ ಹಿಡದಾನ. ನೀರ ಹೊಕ್ಕೈತಿ."

ಅಷ್ಟು ಸಾಕಾಯಿತು. ಸುತ್ತ ನಿಂತವರ ಬಳಿ ಎಲ್ಲ ಅಂಥದೇ ಕತೆಗಳಿದ್ದವು. ಒಬ್ಬರ ಅಳಿಯನ ಕಾರಿನ ಹಾರ್ನ್ ತಾನೇ ಹೊಡೆದುಕೊಳ್ಳುತ್ತಿತ್ತಂತೆ. ಇನ್ನೊಬ್ಬರ ಪರಿಚಯದವರ ಕಾರಿನ ವೈಪರ್ ಬಿಸಿಲಲ್ಲಿ ಕುಣಿಯುತ್ತಿತ್ತಂತೆ. ಎಲ್ಲಕ್ಕೂ ಕಾರಣ ಒಂದೇ, ತೊಳೆಯುವವರು. ಅವರಿಗೇನು ಗೊತ್ತು ಎಲೆಕ್ಟ್ರಾನಿಕ್ಸು, ಎಮ್ಮೆ ತೊಳೆದ ಹಾಗೆ ತೊಳೆಯುತ್ತಾರೆ. ನಾನು ಗೋಣು ಹಾಕುತ್ತ ಹೋದೆ.

ನನ್ನಂಥ ಚಿಂತೆಯ ಮನುಷ್ಯನಿಗೆ ಕೆಟ್ಟದ್ದು ಸರಿಯಾಗುವುದಕ್ಕಿಂತ ಮೊದಲು ಒಂದು ಬೇರೆ ವಸ್ತು ಬೇಕಾಗುತ್ತದೆ. ಯಾರಿಂದ ಕೆಟ್ಟಿತು ಎನ್ನುವ ಒಂದು ಹೆಸರು. ಊಟದ ಹೊತ್ತಿಗೆ ಅದು ನನಗೆ ಸಿಕ್ಕಿತ್ತು. ಬೀರಪ್ಪ.

ಬೀರಪ್ಪ ನಮ್ಮೂರಿನ ವಾಷಿಂಗ್ ಸೆಂಟರಿನಲ್ಲಿ ಗಾಡಿ ತೊಳೆಯುವವನು. ನನ್ನ ವಾರಿಗೆಯವನು, ಐವತ್ತರ ಆಚೀಚೆ. ಕೌಜಲಗಿಯ ಕುರಿಗಾರರ ಮನೆತನ. ಹಿಂಡನ್ನು ತಮ್ಮನಿಗೆ ಒಪ್ಪಿಸಿ, ಮಗಳ ಕಾಲೇಜಿನ ಸಲುವಾಗಿ ಗೋಕಾಕದಲ್ಲಿ ಒಂದು ರೂಮು ಹಿಡಿದಿದ್ದ. ಎರಡು ವರ್ಷದಿಂದ ನನ್ನ ಕಾರನ್ನು ಅವನೇ ತೊಳೆಯುತ್ತಿದ್ದ. ಅವನು ತೊಳೆಯುವುದನ್ನು ನೋಡಬೇಕು. ಟಗರಿನ ಮೈ ತಿಕ್ಕುವವರ ಹಾಗೆ ಅಂಗೈ ಇಟ್ಟು, ಗೀರು ಎಲ್ಲಿದೆ, ತಗ್ಗು ಎಲ್ಲಿದೆ ಎಂದು ತಡವುತ್ತ ಹೋಗುವನು. ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮೂಡಲಗಿಯಿಂದ ತಿರುಗಿ ಬಂದವನು ನಮ್ಮಾಕೆಯನ್ನು ಮನೆಯಲ್ಲಿ ಇಳಿಸಿ, ನೀರು ಸಹ ಕುಡಿಯದೆ ನೇರ ಅಲ್ಲಿಗೇ ಹೋದೆ.

ಸಂಜೆ ನಾಲ್ಕರ ಹೊತ್ತು. ಐದಾರು ಜನ ತಮ್ಮ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಮಾಲಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಫೋನ್ ನೋಡುತ್ತಿದ್ದ. ನಾನು ಕಾಲೇಜಿನಲ್ಲಿ ಪಾಠ ಹೇಳುವವನು. ನನ್ನ ದನಿ ಕೊನೆಯ ಬೆಂಚಿಗೂ ಮುಟ್ಟುತ್ತದೆ. ಅಂದು ರಸ್ತೆಯ ಆಚೆಗೂ ಮುಟ್ಟಿತು. ಗಾಜಿನ ಕತೆ, ಲಾಕಿನ ಕತೆ, ಧೂಳು ಕುಳಿತ ಹೋಳಿಗೆಯ ಕತೆ, ಎಲ್ಲ ಹೇಳಿದೆ. ಬೀರಪ್ಪ ಮೋಟರ್ ಬಂದ್ ಮಾಡಿ, ಮೊಣಕಾಲ ತನಕ ಮಡಚಿದ ಪ್ಯಾಂಟಿನಲ್ಲಿ ತೊಯ್ದ ಕಾಲಲ್ಲೇ ಬಂದು ನಿಂತ.

"ಒಳಗ ನಾ ಪೈಪ್ ಹಿಡಿಯೂದಿಲ್ರಿ ಸರ. ಅರಿವಿ ಹಿಂಡಿ ಒರಸ್ತೇನಿ ಅಷ್ಟ. ಅವತ್ತ ನೀವೂ ಬಾಜೂಕ ನಿಂತಿದ್ರಿ."

ನಿಂತಿದ್ದೆ. ನನ್ನಂಥವನು ಕಾರು ಬಿಟ್ಟು ಎಲ್ಲಿಗೆ ಹೋಗುತ್ತಾನೆ? ಆದರೆ ನಿಂತವನು ಫೋನಿನಲ್ಲಿ ಮಳೆ ಬರುತ್ತದೋ ಏನೋ ಎಂದು ನೋಡುತ್ತಿದ್ದೆ. ಅದನ್ನು ಹೇಳುವ ಬದಲು ಬೇರೆಯೇ ಹೇಳಿದೆ.

"ಹಂಗಾದ್ರ ನೀರ ತಾನ ನಡಕೋತ ಒಳಗ ಹೋತೇನು? ಸುಳ್ಳ ಹೇಳಬ್ಯಾಡ."

ಕಾಯುತ್ತಿದ್ದವರು ನಕ್ಕರು. ಅವನು ನನಗೆ 'ರಿ' ಹಚ್ಚಿ ಮಾತಾಡಿದ್ದ. ನಾನು ಹಚ್ಚಲಿಲ್ಲ. ಒಂದೇ ವಯಸ್ಸಿನ ಇಬ್ಬರಲ್ಲಿ ಯಾರಿಗೆ 'ರಿ' ಸಲ್ಲಬೇಕು ಎಂಬುದನ್ನು ನಮ್ಮ ಊರುಗಳಲ್ಲಿ ವಯಸ್ಸು ನಿರ್ಧರಿಸುವುದಿಲ್ಲ, ಯಾರು ತೊಯ್ದಿದ್ದಾರೆ ಎಂಬುದು ನಿರ್ಧರಿಸುತ್ತದೆ.

ಒಬ್ಬ ಕಾರಿನವನು ತನ್ನದನ್ನು ಇವನ ಕೈಗೆ ಕೊಡಬೇಡಿ ಎಂದು ಮಾಲಕನಿಗೆ ಹೇಳಿದ. ಇನ್ನೊಬ್ಬ ಗಾಡಿ ತಿರುಗಿಸಿಕೊಂಡು ಹೊರಟೇಬಿಟ್ಟ. ಮಾಲಕ ಮೊದಲ ಸಲ ಫೋನು ಕೆಳಗಿಟ್ಟ. ನಾಳೆಯಿಂದ ಬರಬೇಡ ಎಂದು ಬೀರಪ್ಪನಿಗೆ ಎಲ್ಲರ ಮುಂದೆಯೇ ಹೇಳಿದ. ಬೀರಪ್ಪ ಪೈಪು ಸುತ್ತಿ ಗೂಟಕ್ಕೆ ಹಾಕಿದ. ಒರೆಸುವ ಬಟ್ಟೆ ಹಿಂಡಿ ನಳದ ಮೇಲೆ ಹರವಿದ. ಪ್ಯಾಂಟಿನ ಮಡಿಕೆ ಇಳಿಸಿಕೊಂಡು ನಡೆದ. ಅರ್ಧ ತೊಳೆದ ಒಂದು ಬೈಕು ಸಾಬೂನಿನ ನೊರೆಯಲ್ಲಿ ಹಾಗೇ ನಿಂತಿತ್ತು.

ಬೆಳಗಿನಿಂದ ಮೊದಲ ಬಾರಿಗೆ ನನಗೆ ಹಗುರೆನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಅನಿಸಿದ್ದು ಹಾಗೇ.

ಸ್ವಿಚ್ಚು ಮಾತ್ರ ಹಾಗೇ ಇತ್ತು. ಕಾಲೇಜಿನಲ್ಲಿ ಒಬ್ಬೊಬ್ಬರದು ಒಂದೊಂದು ಔಷಧ. ನೀರಲ್ಲಿ ಬಿದ್ದ ಫೋನನ್ನು ಅಕ್ಕಿಯಲ್ಲಿ ಇಡುತ್ತಾರಲ್ಲ, ಸ್ವಿಚ್ಚು ಬಿಚ್ಚಿ ಹಾಗೆ ಇಡಿ ಎಂದರು ಒಬ್ಬರು. ನಮ್ಮ ಮನೆಯಲ್ಲಿ ಅಕ್ಕಿಗಿಂತ ಜೋಳ ಹೆಚ್ಚು, ಆಗುತ್ತದೆಯೇ ಎಂದು ಕೇಳಿದೆ (ತಮಾಷೆಗೆ ಅಲ್ಲ). ನಮ್ಮಾಕೆ ಕೂದಲು ಒಣಗಿಸುವ ಡ್ರೈಯರ್ ತಂದು ಬಾಗಿಲಿಗೆ ಹಿಡಿದಳು. ಕಾರಿಗೆ ಎಣ್ಣೆ ಸ್ನಾನ ಮಾಡಿಸಿದ ಹಾಗೆ ಕಂಡಿತೇ ಹೊರತು ಗಾಜು ಏಳಲಿಲ್ಲ. ದೊಡ್ಡ ಸರ್ವಿಸ್ ಸೆಂಟರಿನವರು ಬಾಗಿಲು ನೋಡಿ, ನೀರು ಹೋಗಿದ್ದಕ್ಕೆ ವಾರಂಟಿ ಬರುವುದಿಲ್ಲ, ಇಡೀ ಪ್ಯಾನಲ್ ಬದಲಾಯಿಸಬೇಕು ಎಂದರು. ರೇಟು ಕೇಳಿದ ನಮ್ಮಾಕೆ, ಧೂಳು ಅಂಥದ್ದೇನು ಕೆಟ್ಟದ್ದಲ್ಲ ಎಂದಳು.

ಕೊನೆಗೆ ಹುಕ್ಕೇರಿ ಕಡೆಯ ಸಹೋದ್ಯೋಗಿಯೊಬ್ಬರು ಒಂದು ಹೆಸರು ಕೊಟ್ಟರು. ಹುಕ್ಕೇರಿಯಲ್ಲಿ ದಸ್ತಗೀರ್ ಭಾಯಿ ಎಂಬ ಆಟೋ ಎಲೆಕ್ಟ್ರಿಶಿಯನ್ ಇದ್ದಾರೆ, ಬದಲಾಯಿಸುವುದಿಲ್ಲ, ಬಿಚ್ಚಿ ಸರಿ ಮಾಡುತ್ತಾರೆ. ಕಿಟಕಿಗೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಅಂಟಿಸಿಕೊಂಡು, ಅದು ಪಟಪಟ ಎನ್ನುವುದನ್ನು ಕೇಳುತ್ತ, ಹಿಡಕಲ್ ಮೇಲೆ ಹಾಯ್ದು ನಾವಿಬ್ಬರೂ ಹುಕ್ಕೇರಿಗೆ ಹೋದೆವು.

ದಸ್ತಗೀರ್ ಭಾಯಿಗೆ ಅರವತ್ತು ದಾಟಿರಬೇಕು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಮೊದಲು ಬಾನೆಟ್ ಎತ್ತಿ ಬ್ಯಾಟರಿಯ ವಾಯರ್ ಬಿಚ್ಚಿದರು. ಕೆಟ್ಟ ಮೇಲೆ ಎಷ್ಟು ಸಲ ಒತ್ತಿದ್ದೀರಿ ಎಂದು ಕೇಳಿದರು. ಮೂಡಲಗಿಯಲ್ಲಿ ಅರ್ಧ ಊರೇ ಒತ್ತಿದೆ ಎಂದೆ. ತೊಯ್ದ ಸ್ವಿಚ್ಚನ್ನು ಒತ್ತುವುದೆಂದರೆ ಜ್ವರ ಬಂದವನನ್ನು ಓಡಿಸಿದ ಹಾಗೆ, ವಾಯರ್ ಬಿಚ್ಚಿ ಸುಮ್ಮನೆ ಒಣಗಲು ಬಿಡಬೇಕಿತ್ತು ಎಂದರು. (ನಿಮಗೆ ಉಪಯೋಗಕ್ಕೆ ಬರಲಿ ಎಂದು ಬರೆದಿದ್ದೇನೆ. ನನಗಂತೂ ಬರಲಿಲ್ಲ.)

ಬಾಗಿಲಿನ ಪ್ಯಾನಲ್ಲನ್ನು ಒಂದು ಗೀರೂ ಬೀಳದಂತೆ ಎಬ್ಬಿಸಿ, ಸ್ವಿಚ್ಚುಗಳ ಪಟ್ಟಿಯನ್ನು ಬಿಚ್ಚಿ ಪೇಪರಿನ ಮೇಲೆ ಇಟ್ಟರು. ಕನ್ನಡಕ ಏರಿಸಿ ನೋಡಿದರು. ಬೆರಳು ಆಡಿಸಿದರು. ಮೂಸಿ ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದರು. ಒಳಗೆಲ್ಲ ಹಸಿರು ಕಿಲುಬು, ಬಹಳ ದಿನ ಬೆಳಗದೆ ಬಿಟ್ಟ ತಾಮ್ರದ ಕೊಡದ ಹಾಗೆ. ಅದರ ಮೇಲೆ ಕೆಂಪಗೆ ಏನೋ ಮೆತ್ತಿಕೊಂಡಿತ್ತು.

ಎಂಟು ದಿನದ ಹಿಂದೆ ತೊಳೆಸಿದ್ದು, ತೊಳೆಯುವವನು ಪೈಪು ಒಳಗೆ ಹಿಡಿದಿದ್ದಾನೆ ಎಂದು ನಾನು ನನ್ನ ಕತೆ ಶುರು ಮಾಡಿದೆ. ಅವರು ಕೈ ಅಡ್ಡ ತಂದರು.

"ಇದು ಎಂಟ ದಿನದ ಕಿಲುಬ ಅಲ್ರಿ ಸರ. ವರ್ಸಾನಗಟ್ಟಲೆದ್ದು. ಮತ್ತ ಬರೇ ನೀರ ಹಿಂಗ ಅಂಟ ಇರೂದಿಲ್ಲ. ನೋಡ್ರಿ."

ಹೆಬ್ಬೆರಳು, ತೋರುಬೆರಳು ಕೂಡಿಸಿ ಬಿಡಿಸಿದರು. ಸಣ್ಣ ಎಳೆ ಎದ್ದಿತು. ನಂತರ ಚಿಮಟಿಗೆಯಿಂದ ಸ್ವಿಚ್ಚಿನ ಸಂದಿಯಲ್ಲಿದ್ದ ಒಂದು ಚೂರನ್ನು ಎಳೆದು ನನ್ನ ಅಂಗೈ ಮೇಲೆ ಇಟ್ಟರು. ಅರಿಶಿನದ ಬಣ್ಣದ ಅಕ್ಕಿ ಕಾಳು.

"ಟೆಂಗಿನಕಾಯಿ ನೀರ್ರಿ ಇದು. ಅಮಾಸಿಗೆ ಕಾಯಿ ಒಡದ ಮ್ಯಾಲೆ ಗಾಡಿ ಒಳಗೂ ಹೊಡಿತೀರಿ, ಹೌದಿಲ್ರಿ?"

ಹೊಡೆಯುತ್ತೇನೆ. ಬೇರೆಯವರು ಗಾಲಿಗೆ, ಬಾನೆಟ್ಟಿಗೆ ಹೊಡೆದು ಮುಗಿಸುತ್ತಾರೆ. ನಾನೂ ಮೊದಲು ಅಷ್ಟೇ ಮಾಡುತ್ತಿದ್ದೆ. ಆಮೇಲೆ ಒಂದು ಅಮಾವಾಸ್ಯೆ, ಸ್ಟೇರಿಂಗಿಗೆ ಹಾಕದಿದ್ದರೆ ಹೇಗೆ ಎನಿಸಿತು. ಗಾಡಿ ಹೊರಳುವುದು ಅದರಿಂದಲೇ ಅಲ್ಲವೇ? ಮುಂದಿನ ತಿಂಗಳು ಗೇರು, ಹ್ಯಾಂಡ್ ಬ್ರೇಕು. ಅದರ ಮುಂದಿನ ತಿಂಗಳು ಬಾಗಿಲುಗಳು. ಒಂದು ಬಾಗಿಲಿಗೆ ಹಾಕಿ ಇನ್ನೊಂದಕ್ಕೆ ಬಿಟ್ಟರೆ ಆ ಕಡೆಯಿಂದಲೇ ಏನಾದರೂ ಬಂದು ಗುದ್ದಿದರೆ? ಹಾಗಾಗಿ ನಾಲ್ಕಕ್ಕೂ. ನೀರು ಸ್ವಿಚ್ಚಿನ ಗುಂಡಿಯಲ್ಲಿ ನಿಂತದ್ದು ಕಂಡರೆ ಮನಸ್ಸು ತುಂಬುತ್ತಿತ್ತು. ಡ್ರೈವರ್ ಬಾಗಿಲಿಗೆ ಮಾತ್ರ ಮೂರು ಸಲ, ಮೇಲೆ ಕುಂಕುಮ, ಅಕ್ಷತೆ. ಅಲ್ಲಿ ಕೂಡುವವನು ನಾನಲ್ಲವೇ?

ದಸ್ತಗೀರ್ ಭಾಯಿ ನಗಲಿಲ್ಲ. ಪ್ರತಿ ಅಮಾವಾಸ್ಯೆ ಕಳೆದ ವಾರ ಇಂಥವು ಎರಡಾದರೂ ಗಾಡಿ ತಮ್ಮ ಅಂಗಡಿಗೆ ಬರುತ್ತವೆ ಎಂದರು. "ಬ್ಯಾಡ ಅನ್ನಾಕ ನಾ ಯಾರ್ರಿ. ಆದ್ರ ಗಾಲಿ ಮ್ಯಾಲ ಹಾಕಿದ್ರೂ ದೇವ್ರಿಗೆ ಮುಟ್ಟತೈತಿ" ಎಂದು ಮೆಲ್ಲಗೆ ಹೇಳಿ ಬ್ರಷ್ಷು ಕೈಗೆ ತೆಗೆದುಕೊಂಡರು. ಕಿಲುಬು ತಿಕ್ಕಿದರು, ಸ್ಪಿರಿಟ್ಟಿನಿಂದ ತೊಳೆದರು, ಒಂದು ಕಡೆ ಬೆಸುಗೆ ಹಾಕಿದರು. ಒಂದು ತಾಸಿನಲ್ಲಿ ನಾಲ್ಕೂ ಗಾಜು ಹೇಳಿದ ಹಾಗೆ ಕೇಳತೊಡಗಿದವು. ಹೊಸ ಕಾರು ತಂದ ದಿನವೂ ಅಷ್ಟು ಸಲೀಸಾಗಿ ಇಳಿದಿರಲಿಲ್ಲ.

ವಾಪಸ್ ಬರುವಾಗ ಬೆಲ್ಲದ ಬಾಗೇವಾಡಿ ದಾಟಿದ ಮೇಲೆ ನಮ್ಮಾಕೆ ಹೊರಗೆ ನೋಡುತ್ತಲೇ ಕೇಳಿದಳು.

"ಬೀರಪ್ಪಗ ಏನ ಹೇಳ್ತೀರಿ?"

ನಾನು ಗಾಜು ಏರಿಸಿದೆ. ಸ್ವಿಚ್ಚು ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಮರುದಿನ ವಾಷಿಂಗ್ ಸೆಂಟರಿಗೆ ಹೋದೆ. ಹೊತ್ತು ನೋಡಿಕೊಂಡು ಹೋದೆ. ಮಧ್ಯಾಹ್ನ ಊಟದ ಹೊತ್ತು, ಗಿರಾಕಿಗಳಿಲ್ಲದ ಹೊತ್ತು. ಅಂದು ಕೊನೆಯ ಬೆಂಚಿಗೆ ಮುಟ್ಟಿದ್ದ ದನಿ ಇಂದು ಮಾಲಕನ ಕಿವಿಗೆ ಮುಟ್ಟುವುದೂ ಕಷ್ಟವಾಗಿತ್ತು. ಹೀಗೆ ಹೀಗೆ, ಕಾಯಿ ನೀರಂತೆ, ಅವನ ತಪ್ಪಿಲ್ಲವಂತೆ ಎಂದೆ. (ಆ 'ಅಂತೆ' ಯಾಕೆ ಹಚ್ಚಿದೆನೋ. ನನ್ನದೇ ಕೈ, ನನ್ನದೇ ಕಾಯಿ.) ಮಾಲಕ ಮನಸಾರೆ ನಕ್ಕ. ಹೋಗಲಿ ಬಿಡಿ, ಬೇರೆಯವರು ಬಂದಾಗಿದೆ ಎಂದ. ಮತ್ತೆ ಕರೆದುಕೊಳ್ಳಬಹುದಲ್ಲ ಎಂದೆ. ಅವನು ನಗು ನಿಲ್ಲಿಸಿದ.

"ಹೆಂಗ ಕರಕೊಳ್ಳಿ ಸರ? ಗಿರಾಕಿ ಕೇಳ್ತಾರ. ಅಷ್ಟ ಮಂದ್ಯಾಗ ಹೇಳಿದವ್ರು ನೀವ."

ಬೀರಪ್ಪ ರೂಮು ಬಿಟ್ಟು ಊರಿಗೆ ಹೋದನೆಂದೂ ಅವನೇ ಹೇಳಿದ. ಅಲ್ಲಿಗೇ ಮುಗಿಸಬಹುದಿತ್ತು. ಹೇಳಬೇಕಾದವರಿಗೆ ಹೇಳಿದ್ದೇನೆ ಎಂದು ನನಗೆ ನಾನೇ ಎರಡು ದಿನ ಹೇಳಿಕೊಂಡೆ. ಮೂರನೆಯ ದಿನ ಚಹಾ ಕೊಡುವಾಗ ನಮ್ಮಾಕೆ ಆ ಅಕ್ಕಿ ಕಾಳನ್ನು ಎಲ್ಲಿಟ್ಟಿರಿ ಎಂದು ಕೇಳಿದಳು. ಭಾನುವಾರ ಕೌಜಲಗಿಗೆ ಹೋದೆ.

ಊರ ಹೊರಗೆ, ಗೋವಿನಜೋಳ ಕಿತ್ತ ಹೊಲವೊಂದರಲ್ಲಿ ತಮ್ಮನ ಕುರಿಗಳನ್ನು ಕೂಡಿಸಿದ್ದರು. ಬೀರಪ್ಪ ಬಲೆಯ ಬೇಲಿಯ ಗೂಟ ಬಡಿಯುತ್ತಿದ್ದ. ನನ್ನನ್ನು ನೋಡಿ ಬರ್ರಿ ಎಂದ. ಕಂಬಳಿ ಹಾಸಿದ. ನಾನು ಒಂದು ಡಬ್ಬಿ ಕರದಂಟು ಒಯ್ದಿದ್ದೆ. ಒಬ್ಬನ ಅನ್ನ ಕಸಿದು ಬೆಲ್ಲ, ಗೇರುಬೀಜ ತೆಗೆದುಕೊಂಡು ಹೋಗುವ ಬುದ್ಧಿ ಇನ್ಯಾರಿಗೆ ಬರಬೇಕು, ನನಗಲ್ಲದೆ?

ಎಲ್ಲ ಹೇಳಿದೆ. ಈ ಸಲ 'ಅಂತೆ' ಇಲ್ಲದೆ ಹೇಳಿದೆ. 'ನೀವು' ಎಂದೇ ಮಾತಾಡಿದೆ. (ಬರೆಯುವಾಗ ಮತ್ತೆ 'ಅವನು' ಎಂದೇ ಬರುತ್ತಿದೆ, ನೋಡಿ. ಕೈಗೆ ಅಂಟಿದ್ದು ಅಷ್ಟು ಬೇಗ ಹೋಗುವುದಿಲ್ಲ.) ಬೀರಪ್ಪ ಕೋಲಿನ ಮೇಲೆ ಗದ್ದ ಊರಿ ಕೇಳಿಸಿಕೊಂಡ. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನಾನು ಎದ್ದು ಬರುವುದು ಸುಲಭವಿತ್ತು. ಕೆಲಸ ಹೋದ ಮೇಲೆ ಗೋಕಾಕದಲ್ಲೇ ಇನ್ನೆರಡು ಕಡೆ ಗಾಡಿ ತೊಳೆಯಲು ಕೇಳಿದನಂತೆ. ಬೇಡ ಎಂದರಂತೆ. ರೂಮು ಖಾಲಿ ಮಾಡಿದ್ದರಿಂದ ಮಗಳು ಈಗ ಕೌಜಲಗಿಯಿಂದಲೇ ಬಸ್ಸಿನಲ್ಲಿ ಕಾಲೇಜಿಗೆ ಓಡಾಡುತ್ತಾಳೆ. ಮೊದಲ ಬಸ್ಸು ತಪ್ಪಿದರೆ ಮೊದಲ ಪಾಠ ತಪ್ಪಿತು. ಇಷ್ಟನ್ನೂ ದೂರಿನ ಹಾಗೆ ಹೇಳಲಿಲ್ಲ, ಕೇಳಿದ್ದಕ್ಕೆ ಹೇಳಿದ.

ತಪ್ಪಾಯಿತು ಎಂದೆ. ಬೀರಪ್ಪ ಕುರಿಗಳ ಕಡೆ ನೋಡುತ್ತಲೇ ಹೇಳಿದ.

"ಸುಳ್ಳ ಅಂದದ್ದು ಮಂದ್ಯಾಗ್ರಿ ಸರ. ತಪ್ಪಾತು ಅನ್ನೂದು ಅಡವ್ಯಾಗ."

ಪೇಪರಿನಲ್ಲಿ ಬರೆಯುತ್ತೇನೆ ಎಂದೆ. ನನ್ನ ಕೈಲಿರುವುದು ಅದೊಂದೇ ಅಲ್ಲವೇ? ಅವನು ತಲೆ ಅಲ್ಲಾಡಿಸಿದ.

"ಅಲ್ಲಿ ನಿಂತಾವ್ರು ಪೇಪರ ಓದೂದಿಲ್ರಿ. ಅಮಾಸಿ ದಿವಸ ಹೋಗ್ರಿ. ಪಾಳಿ ಇರ್ತೈತಿ. ಅವತ್ತ ನಿಂತ ಹೇಳ್ರಿ, ಬೀರಪ್ಪ ನೀರ ಹಾಕಿಲ್ಲ ಅಂತ. ಅಷ್ಟಾದ್ರ ಎಲ್ಲ್ಯಾದ್ರೂ ಕೆಲಸಕ್ಕ ಕರೀತಾರ."

ಡಬ್ಬಿಯನ್ನು ತೆಗೆದುಕೊಂಡ. ಬೇಡ ಎನ್ನುವಷ್ಟು ಸಲಿಗೆ ನಮ್ಮಿಬ್ಬರ ನಡುವೆ ಇರಲಿಲ್ಲ.

ಅಲ್ಲಿಂದ ಅಮಾವಾಸ್ಯೆಗೆ ಇನ್ನೂ ಎರಡು ವಾರ ಇತ್ತು. ಆ ಎರಡು ವಾರ ನಾನು ಏನೇನು ಯೋಚಿಸಿದೆ ಎಂದು ಬರೆಯುವುದಿಲ್ಲ. ನಿಮಗೆ ನನ್ನ ಪರಿಚಯವಿದೆ. ಜ್ವರ ಬರಲಿ ಎಂದು ಕೂಡ ಬೇಡಿಕೊಂಡೆ. ಬರಲಿಲ್ಲ. ಮೊನ್ನೆ ಅಮಾವಾಸ್ಯೆಯ ಬೆಳಿಗ್ಗೆ ಕಾರು ತೆಗೆದುಕೊಂಡು ಹೋಗಿ ಪಾಳಿಯಲ್ಲಿ ನಿಂತೆ. ಮುಂದೆ ಎರಡು ಟ್ರ್ಯಾಕ್ಟರ್, ಒಂದು ಟಂಟಂ, ನಾಲ್ಕೈದು ಬೈಕು. ಹಿಂದೆ ಇನ್ನಷ್ಟು. ಬೀರಪ್ಪನ ಜಾಗದಲ್ಲಿ ಬೇರೊಬ್ಬರು ಪೈಪು ಹಿಡಿದಿದ್ದರು. ಮೋಟರಿನ ಸದ್ದು ನಿಲ್ಲುವ ತನಕ ಕಾದೆ. ನಿಂತಿತು. ಇಳಿದು, ಎಲ್ಲರೂ ಸ್ವಲ್ಪ ಇಲ್ಲಿ ಕೇಳಿ ಎಂದೆ.

ಕೇಳಿದರು. ಪಾಠ ಹೇಳುವ ಚಟ ಇಲ್ಲಿ ಉಪಯೋಗಕ್ಕೆ ಬಂತು. ಕಳೆದ ಅಮಾವಾಸ್ಯೆಯಾದ ಮೇಲೆ ಇಲ್ಲೇ ನಿಂತು ಬೀರಪ್ಪನಿಗೆ ಸುಳ್ಳುಗಾರ ಎಂದಿದ್ದೆ, ಸುಳ್ಳು ನನ್ನದಾಗಿತ್ತು ಎಂದೆ. ಕಾಯಿ, ಕುಂಕುಮ, ಅಕ್ಕಿ ಕಾಳು, ಹುಕ್ಕೇರಿ, ಒಂದೂ ಬಿಡದೆ ಹೇಳಿದೆ. ಸ್ವಿಚ್ಚಿಗೆ ನೀರು ಹಾಕಿದವನು ನಾನು, ಬೀರಪ್ಪ ಅಲ್ಲ ಎಂದು ಎರಡು ಸಲ ಹೇಳಿದೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅವರು ನನ್ನನ್ನು ಹೊಗಳಲು ಶುರು ಮಾಡಿದರು.

ಈ ಕಾಲದಲ್ಲಿ ಹೀಗೆ ಬಂದು ತಪ್ಪು ಒಪ್ಪಿಕೊಳ್ಳುವವರು ಯಾರಿದ್ದಾರೆ ಎಂದರು ಒಬ್ಬರು. ಓದಿದವರ ಮನಸ್ಸೇ ಬೇರೆ ಎಂದರು ಇನ್ನೊಬ್ಬರು. ಟಂಟಂನವನು ಬಂದು ಕೈ ಮುಗಿದ. ಮಾಲಕ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟು, ಸರ್ ಗಾಡಿ ಮೊದಲು ತೊಳೆಯಿರಿ ಎಂದು ಪಾಳಿಯನ್ನೇ ಮುರಿದ. ಎದುರಿನ ಅಂಗಡಿಯಿಂದ ಚಹಾ ಬಂತು. ನಾನು ಕುಳಿತೆ. ಕುಡಿದೆ. ನಾನು ಆಡಿದ ಮಾತಿಗೆ ಕೆಲಸ ಹೋದದ್ದು ಅವನದು, ಅದನ್ನು ತಿರುಗಿ ನುಂಗಿದ್ದಕ್ಕೆ ಕುರ್ಚಿ ಸಿಕ್ಕದ್ದು ನನಗೆ. ಚಹಾ ಚೆನ್ನಾಗಿಯೇ ಇತ್ತು.

ಲೋಟ ಕೆಳಗಿಟ್ಟು, ಹಾಗಾದರೆ ಬೀರಪ್ಪ ನಾಳೆಯಿಂದ ಕೆಲಸಕ್ಕೆ ಬರಬಹುದಲ್ಲ ಎಂದು ಎಲ್ಲರ ಮುಂದೆಯೇ ಮಾಲಕನನ್ನು ಕೇಳಿದೆ.

ಮಾಲಕ ಪಾಳಿಯ ಕಡೆ ನೋಡಿದ. ಆಗ ಮೊದಲಿನಿಂದಲೂ ನನ್ನ ಮಾತನ್ನು ಮೈಯೆಲ್ಲ ಕಿವಿಯಾಗಿ ಕೇಳಿದ್ದ, ಎಲ್ಲರಿಗಿಂತ ಹೆಚ್ಚು ತಲೆದೂಗಿದ್ದ ಟ್ರ್ಯಾಕ್ಟರಿನವನೊಬ್ಬ ನನ್ನ ಹತ್ತಿರ ಬಗ್ಗಿ ಕೇಳಿದ:

"ಯಾವ ಬೀರಪ್ಪರಿ ಸರ? ಆ ಸ್ವಿಚ್ ಕೆಡಿಸಿದಾಂವಾ ಏನು?"